ಅತಾಹುವಾಲ್ಪನನ್ನು ಸೋಲಿಸಿದ್ದು ಬಿಸಿನೀರಲ್ಲ

ಕಳೆದ ಸಂಚಿಕೆಯ 'ಸ್ನಾನದಲ್ಲಿ ಮುಳುಗಿದ ಸಾಮ್ರಾಜ್ಯ' ಲೇಖನ ಓದಿದೆ. ಇಂಕಾ ದೊರೆ ಅತಾಹುವಾಲ್ಪ ಬಿಸಿನೀರ ಬುಗ್ಗೆಯಲ್ಲಿ ಮೈಮರೆತಿದ್ದರಿಂದಲೇ ಪೆರು ಸ್ಪೇನಿನ ಪಾಲಾಯಿತಂತೆ! ಕೇಳಲು ಚೆಂದ, ಆದರೆ ಬುಡವಿಲ್ಲದ ಮಾತು.

1532ರ ನವೆಂಬರಿನಲ್ಲಿ ದೊರೆ ಕಹಮಾರ್ಕಾ ಬಳಿಯ ಬುಗ್ಗೆಗಳ ಪಕ್ಕ ಬೀಡುಬಿಟ್ಟಿದ್ದು ನಿಜ. ಆದರೆ ಸುತ್ತ ಹತ್ತಾರು ಸಾವಿರ ಸೈನಿಕರಿದ್ದರು. ಮಲಸಹೋದರ ಹುವಾಸ್ಕರನ ವಿರುದ್ಧದ ಯುದ್ಧವನ್ನು ಆತ ಆಗಷ್ಟೇ ಗೆದ್ದಿದ್ದ. ಭೇಟಿಗೆ ಬಂದ ಸ್ಪೇನಿನವರಿಗೆ ಆತ ಹೇಳಿದ್ದು, ತಾನು ಉಪವಾಸದಲ್ಲಿದ್ದೇನೆ ಎಂದು. ಉಪವಾಸವಿರುವವನನ್ನು ಭೋಗಿ ಎನ್ನುವುದು ಯಾವ ನ್ಯಾಯ? ಇಂಕಾಗಳಿಗೆ ಚಿಲುಮೆಯೆಂದರೆ ಪೂಜಿಸುವ ತಾಣ, ಅವರ ಭಾಷೆಯಲ್ಲಿ 'ಹುವಾಕಾ'.

ಸ್ಪೇನ್ ಪಡೆಯ ನಾಯಕ ಪಿಸಾರೊನ ಕಾರ್ಯದರ್ಶಿ ಫ್ರಾನ್ಸಿಸ್ಕೊ ದೆ ಹೆರೆಸ್ ದೊರೆಯ ಬೀಡಿನ ಕೊಳವನ್ನು ವರ್ಣಿಸಿದ್ದಾನೆ. ಒಂದು ಕೊಳವೆಯಲ್ಲಿ ಕೈಯಿಡಲಾಗದಷ್ಟು ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು; ಎರಡೂ ದಾರಿಯಲ್ಲಿ ಬೆರೆತು ಕಲ್ಲಿನ ತೊಟ್ಟಿಗೆ ಬೀಳುತ್ತಿದ್ದವು, ಒಂದೇ ಬೇಕೆಂದರೆ ಇನ್ನೊಂದನ್ನು ಮುಚ್ಚಬಹುದಿತ್ತು. ಈಗಲೂ ಅಲ್ಲಿನ ಬುಗ್ಗೆ 70 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಲೇಖಕರಿಗೆ ಈ ಜಲ ಎಂಜಿನಿಯರಿಂಗ್ ಕಾಣಲೇ ಇಲ್ಲ.

ಇಂಕಾ ರಾಜಧಾನಿ ಕುಸ್ಕೊ ಬಳಿಯ ತಾಂಬೊಮಾಚಾಯ್ ಕೂಡ ಬಿಸಿನೀರ ಸ್ನಾನಗೃಹವಂತೆ. 'ಇಂಕಾ ಸ್ನಾನ' ಎಂಬ ಪ್ರವಾಸಿ ಫಲಕ ನೋಡಿ ಬರೆದಿರಬೇಕು! ಅಲ್ಲಿ ಹರಿಯುವುದು ತಣ್ಣೀರು.

ಅತಾಹುವಾಲ್ಪ ಸೆರೆಯಾದದ್ದು ನವೆಂಬರ್ 16ರಂದು, ಕಹಮಾರ್ಕಾ ಚೌಕದಲ್ಲಿ, ಮಾತುಕತೆಗೆಂದು ಬಂದಾಗ. ಅವನನ್ನು ಕೆಡವಿದ್ದು ಮೋಸ, ಸ್ನಾನವಲ್ಲ.