ಜೊತೆಗೆ ನಡೆಯುವ ಗುರು



ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯಲ್ಲಿ ಕಲಿತ ಹುಡುಗನೊಬ್ಬನು ಒಂದು ಸಂಜೆ ಮನೆಗೆ ಬಂದನು. ಅವನ ತಂದೆ ತೀರಿಕೊಂಡು ತಿಂಗಳಾಗಿತ್ತು. “ಗುರೂಜಿ, ದೇವರಿಗೆ ಕೈ ಮುಗಿಯಾಕ ಮನಸ್ಸs ಬರವಲ್ದು” ಎಂದನು. ನಾನು ತಡಮಾಡದೆ ಹುಟ್ಟು, ಸಾವು, ಕರ್ಮ, ಧೈರ್ಯ ಇವುಗಳ ಮೇಲೆ ಅರ್ಧ ತಾಸು ಉಪದೇಶ ಮಾಡಿದೆನು. “ಹೌದ್ರಿ ಗುರೂಜಿ” ಎಂದು ಎದ್ದು ಹೋದವನು ಮತ್ತೆ ಬರಲಿಲ್ಲ.

ಬಹಳ ದಿನಗಳ ಮೇಲೆ ಅವನ ತಾಯಿ ನಿಜ ಸಂಗತಿ ತಿಳಿಸಿದರು. ಕೊನೆಯ ರಾತ್ರಿ ತಂದೆ “ಇಲ್ಲೇ ಕೂಡು” ಎಂದು ಕರೆದಾಗ ಅವನು ಕೂಡದೆ ಜಾತ್ರೆಗೆ ಹೋಗಿದ್ದನಂತೆ. ಆ ಭಾರವನ್ನು ಇಳಿಸಿಕೊಳ್ಳಲು ನನ್ನಲ್ಲಿಗೆ ಬಂದಿದ್ದನು. ನಾನು ಅವನಿಗೆ ಬಾಯಿ ತೆರೆಯಲು ಎಡೆಯನ್ನೇ ಕೊಟ್ಟಿರಲಿಲ್ಲ. ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕೆಂದು ಶಿಕ್ಷಕರ ತರಬೇತಿಯಲ್ಲಿ ಬಾಯಿಪಾಠ ಮಾಡಿದವನು ನಾನು. ಎದುರಿಗೆ ಕುಳಿತವನ ಮನಸ್ಸಿನಲ್ಲಿ ಏನಿದೆಯೆಂದು ಕೇಳುವುದನ್ನೇ ಮರೆತಿದ್ದೆನು.

ಈ ತಪ್ಪು ಮನಸ್ಸನ್ನು ಕೊರೆಯುತ್ತಿದ್ದಾಗ, ಕ್ರೈಸ್ತ ಧರ್ಮದಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ಪದ್ಧತಿಯ ಕುರಿತು ಓದುವ ಪ್ರಸಂಗ ಬಂದಿತು. ಬೀದರ ಸೀಮೆಯ ಹಳ್ಳಿಗಳಲ್ಲಿ ಕ್ರೈಸ್ತ ಕುಟುಂಬಗಳು ನಮ್ಮ ನೆರೆಹೊರೆಯವರೇ ಆಗಿದ್ದರೂ ಅವರ ಈ ಸಂಪ್ರದಾಯವನ್ನು ನಾವು ಅಷ್ಟಾಗಿ ಅರಿತವರಲ್ಲ. ಭಕ್ತನೊಬ್ಬನು ತನಗಿಂತ ಅನುಭವದಲ್ಲಿ ಹಿರಿಯರಾದವರ ಬಳಿ ಕಾಲಕಾಲಕ್ಕೆ ಕುಳಿತು ತನ್ನ ಪ್ರಾರ್ಥನೆ, ಸಂಶಯ, ಸೋಲುಗಳನ್ನು ಬಿಚ್ಚಿ ಹೇಳುವುದು, ಹಿರಿಯರು ಕೇಳುವುದು. ನಾಲ್ಕನೆಯ ಶತಮಾನದಲ್ಲಿ ಈಜಿಪ್ತದ ಮರುಭೂಮಿಯಲ್ಲಿ ತಪಸ್ಸಿಗೆ ನಿಂತ ಸಾಧಕರನ್ನು ಜನರು ‘ಅಬ್ಬಾ’, ಸಾಧಕಿಯರನ್ನು ‘ಅಮ್ಮಾ’ ಎಂದು ಕರೆದು ಹೀಗೆಯೇ ಅವರ ಬಳಿಗೆ ಹೋಗುತ್ತಿದ್ದರು. ಹದಿನಾರನೆಯ ಶತಮಾನದ ಲೊಯೊಲಾದ ಇಗ್ನೇಷಿಯಸರು ಮಾರ್ಗದರ್ಶಕನು ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು, ಯಾವ ಕಡೆಗೂ ವಾಲದೆ ದೇವರೂ ಭಕ್ತನೂ ನೇರವಾಗಿ ವ್ಯವಹರಿಸಲು ಬಿಡಬೇಕು ಎಂಬ ಅಭಿಪ್ರಾಯವನ್ನು ಬರೆದಿಟ್ಟರು. ಅಡತಿ ಅಂಗಡಿಯಲ್ಲಿ ತೊಗರಿ ತೂಗಿಸಿದ ನಮ್ಮ ರೈತರಿಗೆ ಮುಳ್ಳನ್ನು ಬೆರಳಿನಿಂದ ಒತ್ತಿದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ.

ಈ ಪದ್ಧತಿಯ ಸವಿಯನ್ನೂ ಕಹಿಯನ್ನೂ ಉಂಡ ಒಬ್ಬ ಮಹನೀಯಳು ಕನ್ನಡ ನೆಲದಲ್ಲಿಯೇ ಹುಟ್ಟಿದವಳು. ಅವಳೇ ಪಂಡಿತಾ ರಮಾಬಾಯಿ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನನ. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಯುವ ಅವಕಾಶ ಮಾಡಿಕೊಟ್ಟವರು. ಬರಗಾಲದಲ್ಲಿ ತಂದೆತಾಯಿಗಳು ಹೋದರು. 1880ರಲ್ಲಿ ಅಣ್ಣನು, 1882ರಲ್ಲಿ ಗಂಡನು ತೀರಿಕೊಂಡರು. ಕೈಗೂಸು ಮನೋರಮೆಯನ್ನು ಎತ್ತಿಕೊಂಡು ರಮಾಬಾಯಿ 1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಎಂಬಲ್ಲಿಯ ಸಂನ್ಯಾಸಿನಿಯರ ಆಶ್ರಯದಲ್ಲಿ ಉಳಿದಳು. ಮರಾಠಿ ಮನೆತನದವರೇ ಆದ ಫಾದರ್ ನೆಹೆಮಾಯ ಗೋರೆಯವರ ಪತ್ರ ಅವಳ ಮೇಲೆ ಆಳವಾದ ಪರಿಣಾಮ ಮಾಡಿತು. ಅದೇ ವರ್ಷದ ಸಪ್ಟೆಂಬರದಲ್ಲಿ ತಾಯಿ-ಮಗಳು ದೀಕ್ಷಾಸ್ನಾನ ಪಡೆದರು.

ವಾಂಟೇಜಿನ ಸಿಸ್ಟರ್ ಜೆರಾಲ್ಡಿನ್ ಅವಳ ಆಧ್ಯಾತ್ಮಿಕ ತಾಯಿಯಾದರು. ರಮಾಬಾಯಿ ಅವರಿಗೆ ‘ಆಜೀಬಾಯಿ’ ಎಂದು ಕರೆದು ಪತ್ರ ಬರೆಯುತ್ತಿದ್ದಳು. ಪರದೇಶದ ಸಂನ್ಯಾಸಿನಿಗೆ ಅಜ್ಜಿಯ ಸ್ಥಾನ ಕೊಟ್ಟ ಆ ಅಕ್ಕರೆ ದೊಡ್ಡದು. ಆದರೆ ಅಕ್ಕರೆಯ ಸಂಗಡ ತಕರಾರೂ ಬೆಳೆಯಿತು. ಇವಳು ಸಸ್ಯಾಹಾರ ಬಿಡಲೊಲ್ಲಳು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ನಮ್ಮ ಸಂಸ್ಕೃತ ಬೇಡವೇ ಎಂದು ಕೇಳುವಳು. ತ್ರಿಯೇಕ ದೇವರ ತತ್ತ್ವವನ್ನು ಒಪ್ಪುವ ಮೊದಲು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವಳು. ಆಜೀಬಾಯಿಗೆ ಇದೆಲ್ಲ ಅಹಂಕಾರವಾಗಿ ತೋರಿತು. ಗುರುಹಿರಿಯರ ಬೋಧೆಗೆ ತಲೆಬಾಗು ಎಂದರು. 1885ರ ಮೇ ತಿಂಗಳ ಪತ್ರವೊಂದರಲ್ಲಿ ರಮಾಬಾಯಿ ತನಗೂ ಸ್ವಂತ ಮನಸ್ಸಾಕ್ಷಿ, ಸ್ವಂತ ಬುದ್ಧಿ, ಸ್ವಂತ ವಿವೇಚನೆ ಇವೆಯೆಂದೂ, ಸ್ವದೇಶದ ಪುರೋಹಿತರ ನೊಗವನ್ನು ಕಷ್ಟಪಟ್ಟು ಇಳಿಸಿದವಳು ಇನ್ನೊಂದು ನೊಗಕ್ಕೆ ಹೆಗಲು ಕೊಡಲಾರೆನೆಂದೂ ಸ್ಪಷ್ಟವಾಗಿ ತಿಳಿಸಿದಳು.

ಅದೇ ಕಾಲದಲ್ಲಿ ಅವಳಿಗೆ ಇನ್ನೊಬ್ಬ ಹಿರಿಯಳು ದೊರಕಿದ್ದರು. ಅವರು ಚೆಲ್ಟನಹ್ಯಾಮ್ ಮಹಿಳಾ ಕಾಲೇಜಿನ ಪ್ರಾಂಶುಪಾಲರಾದ ಡೊರೊಥಿಯಾ ಬೀಲ್. ರಮಾಬಾಯಿ ಅಲ್ಲಿ ಸಂಸ್ಕೃತ ಕಲಿಸುತ್ತ ತಾನೂ ಕಲಿಯುತ್ತಿದ್ದಳು. ಬೀಲ್ ಅವರು ಪ್ರಶ್ನೆ ಕೇಳುವುದನ್ನು ಅವಿಧೇಯತೆಯೆಂದು ಎಣಿಸಲಿಲ್ಲ. ವಿಚಾರ ಮಾಡಿಯೇ ನಂಬಬೇಕೆನ್ನುವ ಅವಳ ಸ್ವಭಾವವನ್ನು ಅರಿತು ಸಮಾಧಾನದಿಂದ ಪತ್ರ ಬರೆದು ಚರ್ಚಿಸಿದರು. ವೃತ್ತಿಯಿಂದ ಶಿಕ್ಷಕಿಯಾದ ಅವರು ನನಗೆ ತುಸು ಹೆಚ್ಚು ಹತ್ತಿರದವರಾಗಿ ಕಂಡರೆ ವಾಚಕರು ಕ್ಷಮಿಸಬೇಕು.

ಹಾಗೆಂದು ಆಜೀಬಾಯಿಯನ್ನು ಹಳಿಯುವುದು ನ್ಯಾಯವಲ್ಲ. ಅಷ್ಟು ನಿಷ್ಠುರವಾದ ಪತ್ರ ಬಂದ ಮೇಲೂ ಅವರು ಬಾಗಿಲು ಮುಚ್ಚಲಿಲ್ಲ. ಮನೋರಮೆ ಅವರ ಪಾಲನೆಯಲ್ಲಿ ದಿನ ಕಳೆದಳು. ತಮ್ಮನ್ನು ಎದುರಿಸಿದ ಆ ಪತ್ರಗಳನ್ನು ಸಹ ಅವರು ಹರಿದೊಗೆಯದೆ ಜೋಪಾನ ಮಾಡಿ ಜೋಡಿಸಿಟ್ಟರು. ಅವರು ಸಂಗ್ರಹಿಸಿದ ಆ ಪತ್ರವ್ಯವಹಾರ 1977ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ನಾವಿಂದು ರಮಾಬಾಯಿಯ ದಿಟ್ಟ ಮಾತುಗಳನ್ನು ಓದುವುದು, ಆ ಮಾತುಗಳಿಂದ ನೊಂದವರ ಕೈಯ ಪುಣ್ಯದಿಂದ.

ಹೀಗೆ ತನ್ನ ಕಾಲ ಮೇಲೆ ನಿಲ್ಲಲು ಕಲಿತ ರಮಾಬಾಯಿ ಮುಂದೆ ಅನೇಕರಿಗೆ ಊರುಗೋಲಾದಳು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ, ಅನಂತರ ಪುಣೆಯ ಬಳಿಯ ಕೇಡಗಾಂವದಲ್ಲಿ ಮುಕ್ತಿ ಸದನ ಸ್ಥಾಪಿಸಿದಳು. ಬರಗಾಲದಲ್ಲಿ ದಿಕ್ಕುಗೆಟ್ಟ ಹೆಣ್ಣುಮಕ್ಕಳು ಅಲ್ಲಿ ಅನ್ನ, ಅಕ್ಷರ, ಕೈಕಸುಬು ಕಂಡರು. 1912ರ ಸುಮಾರಿಗೆ ತಾಯಿ-ಮಗಳ ಪ್ರಯತ್ನದಿಂದ ಗುಲಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಒಂದು ಕ್ರಿಶ್ಚಿಯನ್ ಹೈಸ್ಕೂಲು ಆರಂಭವಾಯಿತು. ಆಗ ಗುಲಬರ್ಗಾ ಮತ್ತು ನಮ್ಮ ಔರಾದ ಎರಡೂ ನಿಜಾಮರ ಸಂಸ್ಥಾನದಲ್ಲಿಯೇ ಇದ್ದವು. ಮನೋರಮೆ 1921ರಲ್ಲಿ, ರಮಾಬಾಯಿ 1922ರ ಏಪ್ರಿಲದಲ್ಲಿ ತೀರಿಕೊಂಡರು.

ಲೂಕನ ಸುವಾರ್ತೆಯಲ್ಲಿ ಒಂದು ಪ್ರಸಂಗವಿದೆ. ಯೇಸುವಿನ ಮರಣದಿಂದ ಎದೆಗುಂದಿದ ಇಬ್ಬರು ಶಿಷ್ಯರು ಎಮ್ಮಾವು ಎಂಬ ಊರಿಗೆ ನಡೆದಿರುತ್ತಾರೆ. ಪುನರುತ್ಥಾನ ಹೊಂದಿದ ಯೇಸು ಗುರುತು ಸಿಗದ ದಾರಿಕಾರನಂತೆ ಅವರ ಜೊತೆಗೂಡುತ್ತಾನೆ. ಅವನ ಬೋಧೆ ಆಮೇಲಿನದು. ಮೊದಲು ಅವನು ಮಾಡಿದ್ದು, ಏನು ಮಾತಾಡುತ್ತ ನಡೆದಿದ್ದೀರಿ ಎಂದು ಕೇಳಿದ್ದು. ಅವರ ದುಃಖವೆಲ್ಲ ಹೊರಬರುವ ತನಕ ಅವರ ಹೆಜ್ಜೆಗೆ ಹೆಜ್ಜೆ ಹಾಕಿದನು.

ಈ ಸಲ ದೀಪಾವಳಿಗೆ ಆ ಹುಡುಗನು ಊರಿಗೆ ಬಂದಿರುವನೆಂದು ತಿಳಿದು ನಾನೇ ಅವರ ಮನೆಗೆ ಹೋದೆನು. “ಅಂದು ನಿನ್ನ ಮಾತು ಕೇಳಲಿಲ್ಲಪ್ಪಾ, ತಪ್ಪಾಯಿತು” ಎಂದೆನು. ಅವನು ಏನೂ ಅನ್ನಲಿಲ್ಲ. ಕಟ್ಟೆಯ ಮೇಲೆ ಇಬ್ಬರೂ ಕುಳಿತೆವು. ತಾಯಿ ತಂದಿಟ್ಟ ಚಹಾ ಆರಿಹೋಯಿತು. ಮಾತಾಡಬೇಕೆಂಬ ಹಳೆಯ ಚಟವನ್ನು ನಾನು ಬಹಳ ಪ್ರಯಾಸದಿಂದ ತಡೆದುಕೊಂಡೆನು. ಕತ್ತಲಾಗುವ ಹೊತ್ತಿಗೆ ಅವನು ತಾನಾಗಿಯೇ ತಂದೆಯ ಮಾತು ತೆಗೆದನು.

ಬಂಧುಗಳೇ, ನಮ್ಮ ಮನೆಗಳಲ್ಲಿ ಹಿರಿಯರಿಗೆ ಕೊರತೆಯಿಲ್ಲ, ಉಪದೇಶಕ್ಕಂತೂ ಮೊದಲೇ ಇಲ್ಲ. ಮಕ್ಕಳೋ ನೆರೆಯವರೋ ಭಾರ ಹೊತ್ತು ಬಂದಾಗ ಮೊದಲು ಒಂದು ಮಣೆ ಕೊಟ್ಟು, ಅವರ ಮಾತು ಮುಗಿಯುವ ತನಕ ಕಾಯೋಣ. ಇಷ್ಟನ್ನು ಕಲಿಯಲು ನನಗೆ ಐವತ್ತು ದಾಟಬೇಕಾಯಿತು. ನಿಮಗೆ ಅಷ್ಟು ತಡವಾಗದಿರಲಿ.