ತಪ್ಪೊಪ್ಪಿಕೊಂಡ ಬಡವನ ಪಾಡು

ಬದುವಿನ ಜಗಳದಲ್ಲಿ ದಾಯಾದಿಯನ್ನು ಕಡಿದ ರೈತನು ಅದೇ ಕೊಡಲಿಯನ್ನು ಹೆಗಲಿಗೇರಿಸಿಕೊಂಡು ತಾನೇ ಪೊಲೀಸ್ ಠಾಣೆಗೆ ನಡೆದುಹೋದನೆಂಬ ಮಾತನ್ನು ನಮ್ಮ ಸೀಮೆಯ ಹಳ್ಳಿಗಳಲ್ಲಿ ಕೇಳದವರಾರು? ಇಂಥವನು ಮುಂದೆ ಸೆಶನ್ಸ್ ಕೋರ್ಟಿನಲ್ಲಿ ನಿಂತು, "ಹೌದ್ರೀ ಸಾಹೇಬ್ರ, ನಾನ ಹೊಡದೇನಿ" ಎಂದುಬಿಟ್ಟರೆ ಏನಾಗುತ್ತದೆಂಬುದು ಅವನಿಗೂ ತಿಳಿಯದು, ಅವನ ಮನೆಯವರಿಗೂ ತಿಳಿಯದು. ನಿಜ ಹೇಳಿದವನಿಗೆ ಶಿಕ್ಷೆ ಹಗುರಾದೀತೆಂದು ಜನ ನಂಬಿದ್ದಾರೆ. ಕೊಲೆಯ ಖಟ್ಲೆಯಲ್ಲಿ ಈ ನಂಬಿಕೆಗೆ ಆಧಾರವಿಲ್ಲವೆಂದು ನಾವು ಬಿಚ್ಚಿ ಹೇಳಬೇಕಾಗಿದೆ.

ಕೊಲೆಗೆ ನಮ್ಮ ಕಾನೂನಿನಲ್ಲಿರುವ ಶಿಕ್ಷೆ ಎರಡೇ: ಗಲ್ಲು, ಇಲ್ಲವೆ ಜೀವಾವಧಿ. 1860ರ ದಂಡ ಸಂಹಿತೆಯ 302ನೆಯ ಕಲಮು ಹೇಳಿದ್ದನ್ನೇ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103ನೆಯ ಕಲಮೂ ಹೇಳುತ್ತದೆ. ಆರೋಪಿಯ ವಯಸ್ಸು, ಮನಸ್ಸಿನ ತಳಮಳ, ತಿದ್ದಿಕೊಳ್ಳುವ ಸಂಭವ ಇವನ್ನೆಲ್ಲ ತೂಗಿ ನೋಡಬೇಕೆಂದು 1980ರ ಬಚನ್ ಸಿಂಗ್ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು, ನಿಜ. ಆದರೆ ಆ ತೂಕ ಕುಣಿಕೆಯಿಂದ ಪಾರುಮಾಡಲಿಕ್ಕೆ ಮಾತ್ರ ಬರುತ್ತದೆ. ಜೀವಾವಧಿಗಿಂತ ಒಂದು ದಿನವನ್ನೂ ಅದು ಕಡಿಮೆ ಮಾಡಲಾರದು. ಜೀವಾವಧಿಯೆಂದರೆ ಹದಿನಾಲ್ಕು ವರ್ಷವೆಂದು ಸಂತೆಯಲ್ಲಿ ಹೇಳುವವರಿದ್ದಾರೆ. ಅದೂ ತಪ್ಪು. ಜೀವವಿರುವವರೆಗೆ ಎಂದೇ ಅದರ ಅರ್ಥವೆಂದು 1961ರಲ್ಲಿ ತೀರ್ಪಾಗಿದೆ. 14 ವರ್ಷವೆಂಬುದು, ಬಿಡುಗಡೆಯ ಅರ್ಜಿಯನ್ನು ಸರಕಾರ ಪುರಸ್ಕರಿಸುವ ಮುನ್ನ ಇಂಥ ಕೈದಿ ಕಳೆಯಲೇಬೇಕಾದ ಕಾಲವೆಂದು 1978ರಲ್ಲಿ ಸೇರಿಸಿದ ನಿಯಮ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ತಾಳಿಕೊಳ್ಳಲಾರದಂಥ ಹಠಾತ್ ಪ್ರಚೋದನೆಯಿಂದಾಗಲಿ, ಮುಂಚೆ ಯೋಚಿಸದೆ ಕೈಕೈ ಹತ್ತಿದ ಹೊಡೆದಾಟದಲ್ಲಾಗಲಿ ಸಾವು ಸಂಭವಿಸಿದರೆ ಕಾನೂನು ಅದನ್ನು ಕೊಲೆಯೆಂದು ಎಣಿಸದೆ, ಕೊಲೆಯಲ್ಲದ ನರಹತ್ಯೆಯೆಂದು ಎಣಿಸಬಹುದು. ಆಗ ಹತ್ತು ವರ್ಷದ ಒಳಗಿನ ಶಿಕ್ಷೆಗೂ ಎಡೆಯುಂಟು. ಆದರೆ ಈ ಅಪವಾದವನ್ನು ತೋರಿಸಿಕೊಡುವ ಹೊಣೆ ಆರೋಪಿಯ ಮೇಲೆಯೇ ಇದೆ. ವಿಚಾರಣೆ ನಡೆದು, ವಕೀಲನು ಸಾಕ್ಷಿಗಳಿಗೆ ಪಾಟೀಸವಾಲು ಹಾಕಿದರೆ ತಾನೆ ಬದುವನ್ನು ಯಾರು ಒತ್ತಿದರು, ಪೈರಿಗೆ ದನ ಬಿಟ್ಟವರಾರು, ತಾಯಿಯನ್ನು ಎತ್ತಿ ಬೈದವರಾರು ಎಂಬುದು ಹೊರಬೀಳುವುದು? "ನಾನ ಹೊಡದೇನಿ" ಎಂದವನ ಬಾಯಿಂದ ಇವಾವುವೂ ಬರುವುದಿಲ್ಲ. ಅವನು ಒಪ್ಪಿದ್ದು ಏಟನ್ನು. ಕಾಗದದ ಮೇಲೆ ಬರುವುದು ಕೊಲೆಯ ಕಲಮು. ಮಾಸ್ತರಿಕೆ ಮಾಡಿದ ನಮಗೆ ಗೊತ್ತು, ಹಲಗೆ ಒಡೆದವರಾರೆಂದು ಕೇಳಿದರೆ ಮೊದಲು ಎದ್ದು ನಿಲ್ಲುವವನು ತರಗತಿಯ ಅತಿ ತುಂಟ ಹುಡುಗನಲ್ಲ.

ಕೊಲೆಯ ಖಟ್ಲೆಯಲ್ಲಿ ಬರಿಯ ಒಪ್ಪಿಗೆಯ ಮೇಲೆ ಶಿಕ್ಷೆ ಕೊಡದೆ ಸಾಕ್ಷ್ಯ ನಡೆಸುವುದೇ ಲೇಸೆಂಬ ರೂಢಿ ನ್ಯಾಯಾಲಯಗಳಲ್ಲಿ ಹಿಂದಿನಿಂದ ಇದೆ. ಒಳ್ಳೆಯ ರೂಢಿ. ಆದರೆ ಕಾನೂನು ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿದೆ, ಆರೋಪಿಯ ಹಕ್ಕಾಗಿ ಮಾಡಿಲ್ಲ. ಒಪ್ಪಿಗೆಯನ್ನೇ ಹಿಡಿದು ಸೆಶನ್ಸ್ ಕೋರ್ಟು ಶಿಕ್ಷೆ ವಿಧಿಸಿತೆನ್ನಿ, ಮುಂದೆ ಅಪೀಲಿನ ಬಾಗಿಲೂ ಮುಕ್ಕಾಲು ಮುಚ್ಚಿತು. ಅಪರಾಧಿಯೋ ಅಲ್ಲವೋ ಎಂಬ ಪ್ರಶ್ನೆಯೆತ್ತಿ ಅಪೀಲು ಮಾಡುವಂತಿಲ್ಲ. ಶಿಕ್ಷೆ ಹೆಚ್ಚಾಯಿತು, ಇಲ್ಲವೆ ಕಾಯ್ದೆಬದ್ಧವಲ್ಲವೆಂದಷ್ಟೇ ಅನ್ನಬಹುದು. ಕೊಟ್ಟದ್ದೇ ಕನಿಷ್ಠ ಶಿಕ್ಷೆಯಾದ ಮೇಲೆ ಹೆಚ್ಚಾಯಿತೆನ್ನುವುದು ಹೇಗೆ? ಬಹುಕಾಲದ ಹೋರಾಟದ ಫಲವಾಗಿ 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಹೈಕೋರ್ಟು ನಮ್ಮ ಮನೆಬಾಗಿಲಿಗೆ ಬಂತೆಂದು ಹಿಗ್ಗಿದೆವು. ಒಪ್ಪಿಕೊಂಡ ರೈತನಿಗೆ ಅದು ಇನ್ನೂ ದೂರವೇ. (ಅಲ್ಲಿಯ ಕಲಾಪ ಇಂಗ್ಲಿಷಿನಲ್ಲಿ ನಡೆಯುವುದು ಬೇರೊಂದು ದುಃಖ.)

1956ರವರೆಗೆ ನಾವಿದ್ದ ಮುಂಬಯಿ ರಾಜ್ಯದ ರಾಜಧಾನಿಯಲ್ಲಿ 1959ರಲ್ಲಿ ನಡೆದ ನಾನಾವತಿ ಖಟ್ಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ನೌಕಾಪಡೆಯ ಆ ಅಧಿಕಾರಿಯೂ ಗುಂಡು ಹಾರಿಸಿದ ದಿನವೇ ತಾನಾಗಿ ಪೊಲೀಸರಿಗೆ ಶರಣಾದ. ಆದರೆ ಕೋರ್ಟಿನಲ್ಲಿ ತಪ್ಪು ಒಪ್ಪಲಿಲ್ಲ. ಜ್ಯೂರಿ ಬಿಟ್ಟಿತು, ಹೈಕೋರ್ಟು ಜೀವಾವಧಿ ವಿಧಿಸಿತು, 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಪ್ರಚೋದನೆಯಾಗಿ ಸುಮಾರು ಮೂರು ತಾಸು ಕಳೆದಿತ್ತು, ಸಿಟ್ಟು ಇಳಿಯಲು ಅಷ್ಟು ಸಾಕೆಂದಿತು. ಪ್ರಚೋದನೆಯನ್ನು ಅಳೆಯುವಾಗ ಆರೋಪಿ ಸೇರಿದ ಸಮಾಜವರ್ಗದ ಸಾಮಾನ್ಯ ಮನುಷ್ಯನನ್ನು ನೆನೆಯಬೇಕೆಂದೂ ಅದೇ ತೀರ್ಪು ಹೇಳಿತು. 1964ರಲ್ಲಿ ರಾಜ್ಯಪಾಲರ ಕ್ಷಮಾದಾನದಿಂದ ಆತ ಮುಕ್ತನಾದ. ಅವನಿಗೆ ಕ್ಷಮೆ ಸಿಕ್ಕಿತೆಂದು ನಮಗೆ ಹೊಟ್ಟೆಕಿಚ್ಚಿಲ್ಲ. ಅವನ ಪಾಡನ್ನು ಇಡೀ ಮುಂಬಯಿ ಕೇಳಿತು. ಕೂಲಿಕಾರನ ವರ್ಗದಲ್ಲಿ ಸಾಮಾನ್ಯ ಮನುಷ್ಯ ಎಷ್ಟು ತಾಳಿಕೊಂಡಾನೆಂಬುದನ್ನು ಕೋರ್ಟಿಗೆ ಹೇಳುವವರಾರು?

ಅಮೇರಿಕದಂತೆ ಶಿಕ್ಷೆಯ ಚೌಕಾಸಿ ಬೇಕೆಂದು ನಾವು ಕೇಳುವುದಿಲ್ಲ. 2006ರಲ್ಲಿ ಇಲ್ಲಿಯೂ ಜಾರಿಗೆ ಬಂದ ಆ ಪದ್ಧತಿ ಏಳು ವರ್ಷಕ್ಕೆ ಮೀರಿದ ಶಿಕ್ಷೆಯ ಅಪರಾಧಗಳಿಗೆ ಸಲ್ಲದು. ಅದು ಹಾಗೆಯೇ ಇರಲಿ. ಜೀವಕ್ಕೆ ದರ ಕಟ್ಟುವ ಪೇಟೆಯಲ್ಲಿ ಗೆಲ್ಲುವವನು ಸಾವುಕಾರನೇ. ಸತ್ತವನೂ ನಮ್ಮವನೇ, ಅವನ ಹೆಂಡತಿ ಮಕ್ಕಳೂ ಅದೇ ಓಣಿಯಲ್ಲಿದ್ದಾರೆ; ಅವರಿಗೆ ಸಲ್ಲಬೇಕಾದ ಪರಿಹಾರವನ್ನು ತಡಮಾಡದೆ ಕೊಡಬೇಕು. ನಮ್ಮ ಬೇಡಿಕೆ ಬೇರೆ. ಕೊಲೆಯ ಆರೋಪದಲ್ಲಿ ಒಪ್ಪಿಗೆಯೊಂದರ ಮೇಲೆಯೇ ಶಿಕ್ಷೆ ಕೊಡಕೂಡದೆಂದು ಕಾನೂನು ಆಗಲಿ. ಗಲ್ಲಿಗೆ ಗುರಿಯಾಗಬಹುದಾದವನ ಹಿನ್ನೆಲೆಯನ್ನು ವಿಚಾರಣೆಯ ಹಂತದಲ್ಲಿಯೇ ಕಲೆಹಾಕಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಎಲ್ಲ ಕೊಲೆ ಖಟ್ಲೆಗಳಿಗೂ ಅನ್ವಯಿಸಲಿ. ಹಗುರಗೊಳಿಸುವ ಸಂದರ್ಭ ರುಜುವಾತಾದಲ್ಲಿ ಜೀವಾವಧಿಗಿಂತ ಕಡಿಮೆ ಶಿಕ್ಷೆ ಕೊಡುವ ಅಧಿಕಾರ ನ್ಯಾಯಾಧೀಶರಿಗಿರಲಿ. ದಂಡವಿಧಿ, ದಂಡಪ್ರಕ್ರಿಯೆಗಳೆರಡೂ ಸಮವರ್ತಿ ಪಟ್ಟಿಯಲ್ಲಿವೆ. ರಾಷ್ಟ್ರಪತಿಗಳ ಸಮ್ಮತಿ ಪಡೆದು ಬೆಂಗಳೂರಿನ ಶಾಸನಸಭೆಯೇ ತಿದ್ದುಪಡಿ ತರಬಹುದು. ಓಟು ಕೇಳಲು ಬರುವವರನ್ನು ಇದರ ಬಗ್ಗೆ ಕೇಳಿರಿ.

ಅಲ್ಲಿಯವರೆಗೆ ನಮ್ಮ ಗ್ರಾಮ ಶಾಖೆಗಳ ಕಾರ್ಯಕರ್ತರು ಒಂದು ಕೆಲಸ ಮಾಡಬೇಕು. ಊರಲ್ಲಿ ಇಂಥದ್ದು ನಡೆದರೆ, ದೋಷಾರೋಪ ಓದುವ ತಾರೀಖಿಗೆ ಮೊದಲೇ ಆರೋಪಿಯ ಮನೆಯವರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದೊಯ್ಯಿರಿ. ವಕೀಲನನ್ನು ಪುಕ್ಕಟೆ ಕೊಡುತ್ತಾರೆ. ಆ ವಕೀಲನಿಗೆ ಹೊಲದ ಉತಾರ, ಸಾಲದ ಚೀಟಿ, ಹಿಂದಿನ ತಂಟೆಯ ತಕರಾರು ಅರ್ಜಿ ಏನಿದ್ದರೂ ಮುಟ್ಟಿಸಿರಿ. ಜೈಲಿನಲ್ಲಿ ಭೇಟಿಗೆ ಹೋದಾಗ, ವಕೀಲನೊಡನೆ ಮಾತಾಡುವವರೆಗೆ ಕೋರ್ಟಿನಲ್ಲಿ ಹೌದೆನ್ನಬೇಡವೆಂದು ಅವನಿಗೆ ತಿಳಿಸಿ ಬನ್ನಿರಿ.