ಹದಿನಾಲ್ಕನೇ ಫೈಲು

ಕಳೆದ ವಾರ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ ಮುಖ ಸಪ್ಪೆ ಮಾಡಿಕೊಂಡು ನನ್ನ ಟೇಬಲ್ ಹತ್ತಿರ ಬಂದ. "ಮೇಡಂ, ನನ್ನ ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಓಡ್ತಿದೆ. ಸರ್ವರಿಗೆ ಹಾಕಿದ್ರೆ ಬಿದ್ದೋಗ್ತಿದೆ. ಸರ್ವರಲ್ಲೇ ಏನೋ ಪ್ರಾಬ್ಲಮ್ ಇರಬೇಕು" ಅಂದ.

ನಗು ಬಂತು, ಜೊತೆಗೇ ಹೊಟ್ಟೆಯೊಳಗೆ ಏನೋ ಚುಳ್ ಅಂತು. ಇದೇ ಮಾತನ್ನು ನಾನೂ ಒಂದು ಸಲ ಆಡಿದ್ದೆ. ಆಡಿದ್ದಷ್ಟೇ ಆಗಿದ್ದರೆ ಗಾಳಿಗೆ ಹೋಗ್ತಿತ್ತು. ನಾನು ಅದನ್ನು ಮೇಲ್‌ನಲ್ಲಿ ಬರೆದಿದ್ದೆ, ಎಂಟು ಜನರಿಗೆ ಸಿಸಿ ಹಾಕಿ.

ಅದು 2016. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಎಲ್ಲಾ ಗೊತ್ತು ಅನ್ನಿಸುವ ವಯಸ್ಸು. ಒಂದು ಶಿಕ್ಷಣ ಸಂಸ್ಥೆಗೆ ಹಾಲ್ ಟಿಕೆಟ್ ಕೊಡುವ ವೆಬ್ ಸರ್ವಿಸ್ ಮಾಡಿಕೊಟ್ಟಿದ್ದೆವು. ವಿದ್ಯಾರ್ಥಿ ನೋಂದಣಿ ಸಂಖ್ಯೆ ಕೊಟ್ಟರೆ ಪಿಡಿಎಫ್ ಬರುತ್ತೆ, ಪ್ರಿಂಟ್ ತೆಗೆದುಕೊಂಡು ಪರೀಕ್ಷೆಗೆ ಹೋಗಬಹುದು, ಅಷ್ಟೆ. ಆದರೆ ಅದರಲ್ಲೊಂದು ಕೊರತೆ ಇತ್ತು. ಕನ್ನಡದ ಒತ್ತಕ್ಷರ ಮುರಿದು ಬೀಳ್ತಿತ್ತು. ಕಂಪ್ಯೂಟರಿನೊಳಗೆ 'ಮ್ಮ' ಅನ್ನುವುದು ಒಂದು ಅಕ್ಷರವಾಗಿ ಇರೋದಿಲ್ಲ. ಒಂದು ಮ, ಒಂದು ಹಲಂತದ ಚಿಹ್ನೆ, ಇನ್ನೊಂದು ಮ ಹೀಗೆ ಮೂರು ಸಂಕೇತಗಳಾಗಿ ಕೂತಿರುತ್ತೆ. ಅವನ್ನು ಕೂಡಿಸಿ ಒತ್ತನ್ನು ಕೆಳಗೆ ಕೂರಿಸುವ ಕೆಲಸ ಪಿಡಿಎಫ್ ಬರೆಯುವ ಲೈಬ್ರರಿಯದು. ನಾವು ಬಳಸ್ತಿದ್ದ ಹಳೇ ಲೈಬ್ರರಿಗೆ ಆ ವಿದ್ಯೆ ಬರ್ತಿರಲಿಲ್ಲ. ಮಲ್ಲಮ್ಮ ಅನ್ನೋ ಹೆಸರು ಹಾಲ್ ಟಿಕೆಟ್‌ನಲ್ಲಿ 'ಮಲ್‌ಲಮ್‌ಮ' ಆಗಿರ್ತಿತ್ತು. ಮಕ್ಕಳು ತಮ್ಮ ಹೆಸರು ನೋಡಿ ತಾವೇ ನಗ್ತಿದ್ದರಂತೆ.

ಅದರ ಹೊಸ ಆವೃತ್ತಿಯಲ್ಲಿ ಇದು ಸರಿಹೋಗಿದೆ ಅಂತ ತಿಳಿದು, ಬದಲಾಯಿಸುವ ಕೆಲಸ ನನಗೆ ಬಂತು. ಸೆಟಪ್ ಇಳಿಸಿಕೊಂಡೆ, ಇನ್‌ಸ್ಟಾಲ್ ಮಾಡಿದೆ, ಹೊಸ ಡಿಎಲ್‌ಎಲ್ ಫೈಲನ್ನು ನಮ್ಮ ಪ್ರಾಜೆಕ್ಟಿನ ಲಿಬ್ ಫೋಲ್ಡರಿಗೆ ಹಾಕಿ ರೆಫರೆನ್ಸ್ ಕೊಟ್ಟೆ. ನನ್ನ ಲ್ಯಾಪ್‌ಟಾಪಲ್ಲಿ ಒತ್ತಕ್ಷರ ಮುತ್ತು ಪೋಣಿಸಿದ ಹಾಗೆ ಬಂತು. ಶುಕ್ರವಾರ ಸಂಜೆ ಐದಕ್ಕೆ ಬಿಲ್ಡ್ ಮಾಡಿ ಕಳಿಸಿದೆ. ಸೋಮವಾರ ಪರೀಕ್ಷೆ. ನನಗೆ ರಾತ್ರಿ ಊರಿಗೆ ಬಸ್ಸು.

ಇಲ್ಲಿ ಸ್ವಲ್ಪ ನಿಲ್ಲಿಸಿ ಈ ರೆಫರೆನ್ಸ್ ಅಂದ್ರೇನು ಅಂತ ಹೇಳ್ತೀನಿ. ಗೊತ್ತಿರೋರು ಒಂದು ಪ್ಯಾರಾ ದಾಟಿಕೊಂಡು ಹೋಗಿ.

ನಮ್ಮಮ್ಮ ಹಬ್ಬಕ್ಕೆ ಮೈಸೂರಿನ ಚಿಕ್ಕಮ್ಮನ ಮನೆಗೆ ಹೊರಟರೆ ಬಟ್ಟೆ ಮರೆತರೂ ಸಾರಿನ ಪುಡಿ ಡಬ್ಬಿ ಮರೆಯೋದಿಲ್ಲ. ಕಂಪೈಲ್ ಆದ ಲೈಬ್ರರಿ ಅಂದ್ರೆ ಆ ಸಾರಿನ ಪುಡಿ. ಕೊತ್ತಂಬರಿ ಬೀಜ, ಮೆಣಸಿನಕಾಯಿ, ಮೆಂತ್ಯ ಎಲ್ಲ ಹುರಿದು ಪುಡಿ ಆಗಿದೆ. ಒಳಗೆ ಏನೆಷ್ಟಿದೆ ಬಿಡಿಸಿ ನೋಡುವ ಹಾಗಿಲ್ಲ, ಬಳಸಬಹುದು ಅಷ್ಟೆ. ರೆಫರೆನ್ಸ್ ಅಂದ್ರೆ ಸಾರು ಮಾಡುವ ಚೀಟಿಯಲ್ಲಿ 'ಇಂಥ ಪುಡಿ ಎರಡು ಚಮಚ' ಅಂತ ಬರೆದಿರುವ ಸಾಲು. ಆ ಸಾಲು ಚೀಟಿಯಲ್ಲಿದ್ದ ಮಾತ್ರಕ್ಕೆ ಚಿಕ್ಕಮ್ಮನ ಮನೆಯಲ್ಲಿ ಪುಡಿ ಇರುತ್ತಾ? ನಾವು ಬರೆದ ಪ್ರೋಗ್ರಾಂ ಸರ್ವರಿಗೆ ಹೋಗುವಾಗ ಅದು ಕೇಳುವ ಲೈಬ್ರರಿ ಫೈಲೂ ಜೊತೆಗೆ ಹೋಗಬೇಕು. ಡಾಟ್ ನೆಟ್‌ನ ಹಳೇ ವೆಬ್ ಸರ್ವಿಸ್‌ಗಳಲ್ಲಿ ಅದಕ್ಕೆ 'ಬಿನ್' ಅಂತ ಒಂದು ಫೋಲ್ಡರು. ಪುಡಿ ಡಬ್ಬಿಗಳ ಶೆಲ್ಫ್ ಅಂದುಕೊಳ್ಳಿ.

ಸಂಜೆ ಆರೂಕಾಲಿಗೆ ಆ ಸಂಸ್ಥೆಯ ಸರ್ವರ್ ನೋಡಿಕೊಳ್ಳುವ ಹಿರಿಯರ ಫೋನು. ಐವತ್ತು ದಾಟಿದವರು. ನಾವೆಲ್ಲ ಅವರನ್ನು ರಾಯರು ಅಂತಲೇ ಕರೀತಿದ್ದದ್ದು. "ನೋಡಮ್ಮಾ, ಹೊಸದು ಹಾಕಿದೆ. ಪೇಜೇ ಬರ್ತಿಲ್ಲ. ಹಳದಿ ಬಣ್ಣದಲ್ಲಿ ಏನೋ ಉದ್ದಕ್ಕೆ ಬರೀತಿದೆ."

ಆ ಹಳದಿ ಪುಟವನ್ನು ನೋಡಿದವರೇ ಬಲ್ಲರು. 'ಕುಡ್ ನಾಟ್ ಲೋಡ್ ಫೈಲ್ ಆರ್ ಅಸೆಂಬ್ಲಿ' ಅಂತ ಶುರುವಾಗಿ, ಲೈಬ್ರರಿಯ ಹೆಸರು ಹೇಳಿ, 'ಆರ್ ಒನ್ ಆಫ್ ಇಟ್ಸ್ ಡಿಪೆಂಡೆನ್ಸೀಸ್' ಅಂತ ಸೇರಿಸಿ, ಕೊನೆಗೆ ಫೈಲ್ ಸಿಗಲಿಲ್ಲ ಅಂತ ಮುಗಿಯುತ್ತೆ. 'ಅಥವಾ ಅದು ನೆಚ್ಚಿಕೊಂಡಿರುವ ಇನ್ನೊಂದು' ಅನ್ನುವ ಆ ಬಾಲವೇ ಎಷ್ಟೋ ಜನರ ರಾತ್ರಿ ನಿದ್ದೆ ಕೆಡಿಸಿದೆ. ಹೆಸರು ಹೇಳಿದ ಫೈಲು ಕಣ್ಣೆದುರೇ ಇದ್ದರೂ ಅದು ಕೇಳುವ ಮತ್ತೊಂದು ಫೈಲು ಇಲ್ಲದಿದ್ದರೆ ಇದೇ ದೂರು ಬರುತ್ತೆ. ನನ್ನ ಸಂಗತಿಯಲ್ಲಿ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಹೆಸರು ಹೇಳಿದ ಫೈಲೇ ಅಲ್ಲಿರಲಿಲ್ಲ.

ಆದರೆ ನಾನು ನೋಡಲೇ ಇಲ್ಲ. ಯಾಕೆ ನೋಡಲಿ? ಆರು ತಿಂಗಳಿಂದ ಇದೇ ಪ್ರಾಜೆಕ್ಟು, ಇದೇ ರೀತಿ ಬಿಲ್ಡ್ ಆಗಿ ಇದೇ ಸರ್ವರಿಗೆ ಹೋಗ್ತಿತ್ತು. ರೆಫರೆನ್ಸ್ ಇದೆ, ನನ್ನಲ್ಲಿ ಓಡ್ತಿದೆ. ಅಂದ್ಮೇಲೆ ಸರ್ವರಿನದೇ ತಪ್ಪು. ಬಸ್ಸಿಗೆ ಹೊತ್ತಾಗ್ತಿತ್ತು. 'ಇದು ಸರ್ವರ್ ಸೆಟ್ಟಿಂಗ್‌ನ ತೊಂದರೆ, ನಮ್ಮ ಕಡೆಯಿಂದ ಎಲ್ಲ ಸರಿ ಇದೆ' ಅಂತ ಇಂಗ್ಲಿಷಿನಲ್ಲಿ ಠೀವಿಯಾಗಿ ಬರೆದು, ಅವರ ಮೇಲಿನವರನ್ನೂ ಸೇರಿಸಿ ಕಳಿಸಿಬಿಟ್ಟೆ.

ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಕೂತಾಗ ರಾಯರ ಇನ್ನೊಂದು ಫೋನು ಬಂತು. ದನಿ ಇಳಿದಿತ್ತು. "ಪ್ರಿನ್ಸಿಪಾಲರು ಎಲ್ಲರೆದುರು ಕೇಳಿದ್ರಮ್ಮಾ, ಸರ್ವರ್ ಸೆಟ್ಟಿಂಗ್ ಯಾಕ್ರೀ ಮುಟ್ಟಿದ್ರಿ ಅಂತ. ನಾನು ಏನೂ ಮುಟ್ಟಿಲ್ಲ. ಸರಿ, ಹಳೇ ಫೋಲ್ಡರು ತೆಗೆದಿಟ್ಟಿದ್ದೆ. ಅದನ್ನೇ ವಾಪಸ್ ಹಾಕಿದೆ. ಈಗ ಹಾಲ್ ಟಿಕೆಟ್ ಬರ್ತಿದೆ." ಅಷ್ಟು ಹೇಳಿ ಫೋನ್ ಇಟ್ಟರು.

ಹಳೇ ಫೋಲ್ಡರು ಹಾಕಿದ ತಕ್ಷಣ ಓಡ್ತು ಅಂದ್ರೆ ಸರ್ವರಿಗೆ ಏನೂ ಆಗಿಲ್ಲ ಅಂತ ತಾನೆ ಅರ್ಥ? ಬಸ್ಸು ನೆಲಮಂಗಲ ದಾಟುವ ಹೊತ್ತಿಗೆ ಅವರದೊಂದು ಮೇಲ್ ಬಂತು, ನನಗೊಬ್ಬಳಿಗೇ, ಸಿಸಿ ಇಲ್ಲದೆ. ಎರಡೇ ಸಾಲು. ಹಳೇ ಬಿನ್ ಫೋಲ್ಡರಿನಲ್ಲಿ 14 ಫೈಲು. ಹೊಸ ಬಿನ್ ಫೋಲ್ಡರಿನಲ್ಲಿ 13 ಫೈಲು. ಕೆಳಗೆ ಎರಡೂ ಪಟ್ಟಿ ಅಕ್ಕಪಕ್ಕ. ರಾಯರಿಗೆ ಪ್ರೋಗ್ರಾಮಿಂಗ್ ಗೊತ್ತಿಲ್ಲ. ಅವರು ಮಾಡಿದ್ದು ಎಣಿಸುವ ಕೆಲಸ ಮಾತ್ರ.

ಶನಿವಾರ ಬೆಳಗ್ಗೆ ಊರಿನ ಮನೆ ಜಗಲಿಯಲ್ಲಿ, ಅಪ್ಪನ ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ಕೂತೆ. ಹದಿನಾಲ್ಕನೇ ಫೈಲು ಯಾಕೆ ಹೋಗಲಿಲ್ಲ? ಇಷ್ಟು ದಿನ ಬಿಲ್ಡ್ ಮಾಡ್ತಿದ್ದದ್ದು ನನ್ನ ಸಹೋದ್ಯೋಗಿ, ಅವಳ ಲ್ಯಾಪ್‌ಟಾಪಿಂದ. ಅವಳಲ್ಲಿ ಆ ಲೈಬ್ರರಿಯ ಸೆಟಪ್ ಇನ್‌ಸ್ಟಾಲ್ ಆಗಿರಲೇ ಇಲ್ಲ. ಲಿಬ್ ಫೋಲ್ಡರಿನ ಫೈಲು ಮಾತ್ರ. ನಾನು ಸೆಟಪ್ ಓಡಿಸಿದ್ದೆ. ಆ ಸೆಟಪ್ಪು ನನಗೆ ಹೇಳದೆ ಕೇಳದೆ ಲೈಬ್ರರಿಯ ಒಂದು ಪ್ರತಿಯನ್ನು ವಿಂಡೋಸಿನ 'ಗ್ಲೋಬಲ್ ಅಸೆಂಬ್ಲಿ ಕ್ಯಾಶ್'ನಲ್ಲಿ ಇಟ್ಟಿತ್ತು. ಬಾಯಿಮಾತಿನಲ್ಲಿ ಇದನ್ನು ಗ್ಯಾಕ್ ಅಂತೀವಿ. ಆ ಕಂಪ್ಯೂಟರಿನ ಎಲ್ಲ ಪ್ರೋಗ್ರಾಂಗಳೂ ಹಂಚಿಕೊಳ್ಳುವ ಉಗ್ರಾಣ ಅದು.

ವಿಶುವಲ್ ಸ್ಟುಡಿಯೋದಲ್ಲಿ ಪ್ರತಿ ರೆಫರೆನ್ಸಿಗೂ 'ಕಾಪಿ ಲೋಕಲ್' ಅಂತ ಒಂದು ಗುಣ ಇರುತ್ತೆ. 'ಟ್ರೂ' ಆಗಿದ್ದರೆ ಬಿಲ್ಡ್ ಮಾಡುವಾಗ ಆ ಫೈಲು ಬಿನ್‌ಗೆ ನಕಲಾಗುತ್ತೆ, 'ಫಾಲ್ಸ್' ಆಗಿದ್ದರೆ ಆಗೋದಿಲ್ಲ. ನಾವು ಏನೂ ಹೇಳದೆ ಬಿಟ್ಟರೆ ಅದು ತಾನೇ ತೀರ್ಮಾನ ಮಾಡುತ್ತೆ: ಈ ಕಂಪ್ಯೂಟರಿನ ಗ್ಯಾಕ್‌ನಲ್ಲಿ ಆ ಲೈಬ್ರರಿ ಇದ್ದರೆ ನಕಲು ಬೇಡ, ಇಲ್ಲದಿದ್ದರೆ ಬೇಕು. ಎಲ್ಲಿ ಬಿಲ್ಡ್ ಆಗ್ತಿದೆಯೋ ಆ ಕಂಪ್ಯೂಟರನ್ನು ನೋಡಿ ತೀರ್ಮಾನ, ಎಲ್ಲಿಗೆ ಹೋಗಲಿದೆಯೋ ಅದನ್ನು ನೋಡಿ ಅಲ್ಲ! ನಮ್ಮನೆ ಶೆಲ್ಫಿನಲ್ಲಿ ಸಾರಿನ ಪುಡಿ ಇದೆ ಅಂತ ಅಮ್ಮ ಡಬ್ಬಿ ಬಿಟ್ಟು ಮೈಸೂರಿಗೆ ಹೋದ ಹಾಗೆ. ಅದೇ ಕೋಡು, ಅದೇ ಪ್ರಾಜೆಕ್ಟ್ ಫೈಲು. ಅವಳಲ್ಲಿ ಬಿಲ್ಡ್ ಆದರೆ 14, ನನ್ನಲ್ಲಿ ಆದರೆ 13. ನನ್ನ ಲ್ಯಾಪ್‌ಟಾಪಲ್ಲಿ ಮಾತ್ರ ಗ್ಯಾಕ್‌ನಿಂದ ಪುಡಿ ತೆಗೆದು ಸಾರು ಘಮಘಮ.

ಕಾಪಿ ಲೋಕಲ್ ಟ್ರೂ ಮಾಡಿದೆ. 14 ಬಂತು. ಎಣಿಸಿ ನೋಡಿದೆ, ನಾನೂ ಕಲಿತಿದ್ದೆನಲ್ಲ. ಮತ್ತೆ ಕಳಿಸಿದೆ. ರಾಯರು ಹಾಕಿದರು. ಮತ್ತೆ ಹಳದಿ ಪುಟ.

ಈ ಸಲ ಬೇರೆ ಮಾತು: ಫೈಲು ಸಿಕ್ಕಿದೆ, ಆದರೆ ಅದರ ಫಾರ್ಮ್ಯಾಟ್ ಸರಿ ಇಲ್ಲ. ಇದಕ್ಕೆ 'ಬ್ಯಾಡ್ ಇಮೇಜ್ ಫಾರ್ಮ್ಯಾಟ್' ಅಂತ ಹೆಸರು. ಫೈಲು ಕೆಟ್ಟಿದೆ ಅಂತ ಅನ್ನಿಸುತ್ತೆ, ಕೆಟ್ಟಿರೋದಿಲ್ಲ. ಬಹಳ ಸಲ ಇದರ ಅರ್ಥ, 32 ಬಿಟ್‌ಗೆ ಕಂಪೈಲ್ ಆದ ಲೈಬ್ರರಿಯನ್ನು 64 ಬಿಟ್ ಪ್ರಕ್ರಿಯೆಯೊಳಗೆ ತುರುಕಲು ನೋಡಿದ್ದೀರಿ ಅಂತ. ಒಂದೇ ಪ್ರಕ್ರಿಯೆಯೊಳಗೆ ಎರಡೂ ಬೆರೆಯೋದಿಲ್ಲ. ನಾನು ಆತುರದಲ್ಲಿ 32 ಬಿಟ್ ಫೋಲ್ಡರಿನ ಫೈಲನ್ನು ಎತ್ತಿಕೊಂಡಿದ್ದೆ. ಅದರ ಪಕ್ಕದಲ್ಲೇ 64 ಬಿಟ್ಟಿನದೂ ಇತ್ತು. ನನ್ನ ಲ್ಯಾಪ್‌ಟಾಪಲ್ಲಿ ಇದೂ ಗೊತ್ತಾಗಿರಲಿಲ್ಲ. ಯಾಕಂದ್ರೆ ವಿಶುವಲ್ ಸ್ಟುಡಿಯೋ ಜೊತೆ ಬರುವ ಪುಟ್ಟ ವೆಬ್ ಸರ್ವರ್ ಆಗ ಬೇರೆ ಹೇಳದಿದ್ದರೆ 32 ಬಿಟ್ಟಿನಲ್ಲೇ ಓಡ್ತಿತ್ತು. ಬಿಲ್ಡ್ ಮಾಡುವಾಗ 'ಆರ್ಕಿಟೆಕ್ಚರ್ ಹೊಂದೋದಿಲ್ಲ' ಅಂತ ಒಂದು ಎಚ್ಚರಿಕೆಯೂ ಬಂದಿತ್ತಂತೆ, ಹುಡುಕಿದಾಗ ಸಿಕ್ಕಿತು. ನೂರಾರು ಹಳದಿ ಎಚ್ಚರಿಕೆಗಳ ನಡುವೆ ಅದೊಂದನ್ನು ಯಾರು ಓದ್ತಾರೆ ಹೇಳಿ. ನೀವು ಓದ್ತೀರಾ?

ಸರ್ವರಿನಲ್ಲಿ 32 ಬಿಟ್‌ಗೆ ಅನುಮತಿ ಕೊಡುವ ಒಂದು ಸೆಟ್ಟಿಂಗ್ ಇದೆ. ಅದನ್ನು ಬದಲಾಯಿಸಿ ಅಂತ ರಾಯರಿಗೆ ಹೇಳಿದ್ದರೆ ಐದು ನಿಮಿಷದ ಕೆಲಸ. ಆದರೆ ಅದೇ ಪೂಲ್‌ನಲ್ಲಿ ಸಂಸ್ಥೆಯ ಫೀಸಿನ ಸರ್ವಿಸ್ ಕೂಡ ಓಡ್ತಿತ್ತು. ಹಿಂದಿನ ದಿನವಷ್ಟೇ 'ಸೆಟ್ಟಿಂಗ್ ಯಾಕೆ ಮುಟ್ಟಿದ್ರಿ' ಅಂತ ಅನ್ನಿಸಿಕೊಂಡವರಿಗೆ ಹಾಗೆ ಹೇಳುವ ಮುಖ ನನಗಿರಲಿಲ್ಲ. 64 ಬಿಟ್ಟಿನ ಫೈಲು ಹಾಕಿ ಮೂರನೇ ಸಲ ಕಳಿಸಿದೆ. ಮಧ್ಯಾಹ್ನ ಒಂದೂವರೆಗೆ ಮಲ್ಲಮ್ಮ ಮಲ್ಲಮ್ಮಳಾಗಿಯೇ ಪ್ರಿಂಟ್ ಆದಳು.

ಕೆಲಸ ಮುಗೀತು ಅಂತ ಲ್ಯಾಪ್‌ಟಾಪ್ ಮುಚ್ಚಬಹುದಿತ್ತು. ಹಿಂದಿನ ದಿನದ ಮೇಲ್ ಇನ್ನೂ ಹಾಗೇ ಇತ್ತಲ್ಲ, ಎಂಟು ಜನರ ಇನ್‌ಬಾಕ್ಸಲ್ಲಿ. ರಾಯರು ಅದಕ್ಕೆ ಎಲ್ಲರೆದುರು ಉತ್ತರ ಕೊಡಲೇ ಇಲ್ಲ, ಕೊಡಬಹುದಿತ್ತು. ಅಮ್ಮ ಊಟಕ್ಕೆ ಕರೀತಿದ್ದಳು. 'ರಿಪ್ಲೈ ಆಲ್' ಒತ್ತಿ ಐದು ಸಾಲು ಬರೆಯೋಕೆ ನನಗೆ ನಲವತ್ತು ನಿಮಿಷ ಹಿಡಿಯಿತು. ಮೊದಲ ಕರಡಿನಲ್ಲಿ 'ತಾಂತ್ರಿಕ ಕಾರಣಗಳಿಂದ' ಅಂತಿತ್ತು, ಅಳಿಸಿದೆ. ಎರಡನೆಯದರಲ್ಲಿ 'ನಮ್ಮ ತಂಡದಿಂದ' ಅಂತಿತ್ತು, ಅದನ್ನೂ ಅಳಿಸಿದೆ. ಕೊನೆಗೆ ಹೋದದ್ದು: ತಪ್ಪು ನನ್ನದು, ಸರ್ವರಿನಲ್ಲಿ ಯಾವ ತೊಂದರೆಯೂ ಇರಲಿಲ್ಲ, ಬಿಟ್ಟುಹೋಗಿದ್ದ ಫೈಲನ್ನು ಪತ್ತೆ ಹಚ್ಚಿದ್ದು ರಾಯರು. ನಮ್ಮ ಮ್ಯಾನೇಜರ್ ಸೋಮವಾರ ಕರೆದು "ಕ್ಲೈಂಟಿಗೆ ಇಷ್ಟು ಬಿಚ್ಚಿ ಹೇಳಬೇಕಿತ್ತೇನಮ್ಮಾ" ಅಂದರು. ಅವರಿಗೆ ಈಗಲೂ ನನ್ನ ಮೇಲೆ ಆ ವಿಷಯದಲ್ಲಿ ಸ್ವಲ್ಪ ಅಸಮಾಧಾನ ಇದೆ ಅಂತ ಕಾಣುತ್ತೆ.

ಈಗಿನವರು ಕೇಳಬಹುದು, ಈ ಗ್ಯಾಕ್ ಎಲ್ಲ ಎಲ್ಲಿದೆ ಈಗ ಅಂತ. 2016ರಲ್ಲೇ ಬಂದ ಡಾಟ್ ನೆಟ್ ಕೋರ್ ಅದನ್ನು ಕೈಬಿಟ್ಟಿತು. ಲೈಬ್ರರಿಗಳು ನ್ಯೂಗೆಟ್ ಪ್ಯಾಕೇಜಾಗಿ ಬರುತ್ತವೆ, ಪಬ್ಲಿಷ್ ಮಾಡಿದರೆ ಬೇಕಾದ್ದೆಲ್ಲ ಒಂದೇ ಫೋಲ್ಡರಿಗೆ ಬಂದು ಬೀಳುತ್ತೆ. ಬಿಲ್ಡು ಯಾರ ಲ್ಯಾಪ್‌ಟಾಪಲ್ಲೂ ಆಗದೆ ಪ್ರತಿ ಸಲ ಹೊಸದಾಗಿ ಹುಟ್ಟುವ ಖಾಲಿ ಯಂತ್ರದಲ್ಲಿ ಆಗುತ್ತೆ. ಇದು ದೊಡ್ಡ ನೆಮ್ಮದಿ ಅಂತ ನನ್ನ ಅನಿಸಿಕೆ. ಆದರೂ ಮೊನ್ನೆ ಆ ಹುಡುಗ ಬಂದು ನಿಂತಿದ್ದು ಅದೇ ಗುಂಡಿಯ ಅಂಚಿನಲ್ಲಿ. ಚಿತ್ರ ಬಿಡಿಸಲು ಅವನು ಬಳಸಿದ್ದ ಪ್ಯಾಕೇಜಿನ ಒಳಗೆ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು ಕಂಪೈಲ್ ಮಾಡಿದ ಇನ್ನೊಂದು ಲೈಬ್ರರಿ ಇತ್ತು. ಅದು ಪ್ರತಿ ಆಪರೇಟಿಂಗ್ ಸಿಸ್ಟಮ್ಮಿಗೂ ಬೇರೆ ಬೇರೆ. ಅವನ ಲ್ಯಾಪ್‌ಟಾಪು ವಿಂಡೋಸ್, ಕಂಟೇನರ್ರು ಲಿನಕ್ಸ್. ಲಿನಕ್ಸಿನದಕ್ಕೆ ಬೇರೆಯದೇ ಪ್ಯಾಕೇಜ್ ಸೇರಿಸಬೇಕಿತ್ತು, ಸೇರಿಸಿರಲಿಲ್ಲ. ಸೇರಿಸಿದ್ವಿ, ಓಡ್ತು. ಕನ್ನಡ ಮಾತ್ರ ಸಾಲುಸಾಲು ಖಾಲಿ ಡಬ್ಬಿಗಳಾಗಿ ಬಂತು, ಕಂಟೇನರಿನಲ್ಲಿ ಕನ್ನಡ ಫಾಂಟೇ ಇರಲಿಲ್ಲ! ಅದು ಇನ್ನೊಂದು ಸಂಜೆ ತಿಂದಿತು.

ಅವನಿಗೆ ನಾನು ಹೇಳಿಕೊಟ್ಟ ಮೊದಲ ಕೆಲಸ, ಅವನ ಪಬ್ಲಿಷ್ ಫೋಲ್ಡರಿನ ಪಟ್ಟಿ ಮತ್ತು ಕಂಟೇನರಿನೊಳಗಿನ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡೋದು. "ಇದು ಯಾವ ಟೂಲ್ ಮೇಡಂ?" ಅಂದ. ರಾಯರ ಟೂಲ್ ಅಂದೆ.

ಆ ಸಂಸ್ಥೆಯ ಕೆಲಸವನ್ನು ಇನ್ನೂ ಮೂರು ವರ್ಷ ಮಾಡಿದೆ. ಪ್ರತಿ ಸಲ ಬಿಲ್ಡ್ ಕಳಿಸುವಾಗ ಮೇಲ್‌ನ ಕೊನೆಗೆ ಬಿನ್ ಫೋಲ್ಡರಿನಲ್ಲಿ ಎಷ್ಟು ಫೈಲು ಅಂತ ಬರೀತಿದ್ದೆ. ಅರ್ಧ ಗಂಟೆಯೊಳಗೆ ರಾಯರ ಉತ್ತರ ಬರ್ತಿತ್ತು: "ಎಣಿಸಿದೆ. ಸರಿ ಇದೆ."